ಎಡೆ ಹೊಡೆಯುವ ಹೊತ್ತಿಗೆ ಬರಬೇಕಾದ ಜೇನು

ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವಾಗ, ಹೊಲದ ಬದುವಿನ ಬೇವಿನ ಮರದ ಕೆಳಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟ ಜೇನುಪೆಟ್ಟಿಗೆಗಳು ಈಗ ಅಪರೂಪವಲ್ಲ. ಅವುಗಳೊಳಗೆ ಜೇನುನೊಣ ಇರುವುದು ಅಪರೂಪ. ಮುಚ್ಚಳ ಎತ್ತಿದರೆ ಚೌಕಟ್ಟುಗಳ ನಡುವೆ ಮೇಣದ ಪತಂಗದ ಬಲೆ, ಮೂಲೆಯಲ್ಲಿ ಹಲ್ಲಿ, ಅಡಿಮಣೆಯ ಮೇಲೆ ಒಣಗಿ ಪುಡಿಯಾದ ಎರಿಯ (ಮೇಣದ ಕೋಶಗಳ ಹಲಗೆಯ) ಚೂರು ಕಾಣುತ್ತವೆ. ಕೆಲವರು ಪೆಟ್ಟಿಗೆಯನ್ನು ಮನೆಗೊಯ್ದು ಬಿತ್ತನೆ ಬೀಜ ಇಡಲು ಬಳಸಿಕೊಂಡಿದ್ದಾರೆ. ಏಕೆ ಹೀಗಾಯಿತೆಂದು ಕೇಳಿದರೆ ಎಲ್ಲರೂ ಹೇಳುವ ಮಾತು ಒಂದೇ: “ನಮ್ಮ ಬಿಸಲಿಗೆ ಹುಳ ನಿಲ್ಲಂಗಿಲ್ರಿ.” ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬಹಳ ಕಾಲ ಯೋಚಿಸಿದ್ದೇನೆ. ಬಿಸಿಲಿನ ಪಾಲು ಇಲ್ಲವೆಂದಲ್ಲ. ಆದರೆ ಇದೇ ಬಿಸಿಲಿನಲ್ಲಿ ಆನೆಗುಂದಿಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ, ನಮ್ಮ ಬೇಲಿಯ ಜಾಲಿಯಲ್ಲಿ ಕೋಲುಜೇನು ಕಟ್ಟುತ್ತದೆ. ಹೂವು ಮುಗಿದರೆ ಎದ್ದು ಹೋಗುತ್ತವೆ, ಹೂವು ಬಂದಾಗ ಮರಳಿ ಬರುತ್ತವೆ. ಅವು ತಮ್ಮ ಕಾಲವನ್ನು ತಾವೇ ಆರಿಸಿಕೊಳ್ಳುತ್ತವೆ. ಪೆಟ್ಟಿಗೆಯ ಜೇನಿಗೆ ಕಾಲವನ್ನು ಆರಿಸುವವರು ನಾವು. ಆ ಆಯ್ಕೆಯಲ್ಲಿ ನಾವು ಎಡವುತ್ತಿದ್ದೇವೆ ಎಂಬುದು ನನ್ನ ತಿಳಿವಳಿಕೆ.

ನಮ್ಮ ಊರಿಗೆ ಪೆಟ್ಟಿಗೆಗಳು ಬಂದದ್ದು ಮಾರ್ಚ್ ತಿಂಗಳಲ್ಲಿ. ಅನುದಾನದ ವರ್ಷ ಮುಗಿಯುವುದರೊಳಗೆ ಹಂಚಿಕೆ ಆಗಬೇಕಿತ್ತು, ಆಯಿತು. ಫಲಾನುಭವಿಗಳ ಸಹಿ, ಪೆಟ್ಟಿಗೆಯ ಪಕ್ಕ ನಿಂತ ಫೋಟೊ, ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ತಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿದ್ದ ಕೈಪಿಡಿಯೂ ಹೊಸ ಕುಟುಂಬವನ್ನು ವಸಂತದಲ್ಲಿಯೇ ಕೂಡಿಸಬೇಕೆಂದು ಹೇಳುತ್ತಿತ್ತು. ಯುಗಾದಿ ಹತ್ತಿರವಿತ್ತು, ಬೇವು ಹೂ ಬಿಟ್ಟಿತ್ತು, ಹೊಂಗೆಯಲ್ಲಿ ಮೊಗ್ಗು ಇತ್ತು. ನೋಡಿದವರಿಗೆ ಅದು ತಕ್ಕ ಕಾಲವೆಂದೇ ತೋರುತ್ತಿತ್ತು.

ಚಳಿನಾಡಿನ ಏಪ್ರಿಲ್, ನಮ್ಮ ಏಪ್ರಿಲ್

ಏಪ್ರಿಲ್‌ನಲ್ಲಿ ಹೊಸ ಜೇನು ಕೂಡಿಸುವ ಪದ್ಧತಿ ಮುಖ್ಯವಾಗಿ ಚಳಿ ದೇಶಗಳದ್ದು. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲಕ್ಕೆ ಸತ್ತ ಕುಟುಂಬಗಳ ಜಾಗ ತುಂಬಲು ಜಾರ್ಜಿಯಾ, ಕ್ಯಾಲಿಫೋರ್ನಿಯಾದಂಥ ಬೆಚ್ಚನೆಯ ರಾಜ್ಯಗಳಿಂದ ಜೇನಿನ ಪ್ಯಾಕೇಜುಗಳು ಬರುತ್ತವೆ. ಒಂದು ಪ್ಯಾಕೇಜ್ ಎಂದರೆ ಜಾಳಿಗೆ ಹೊಡೆದ ಪುಟ್ಟ ಡಬ್ಬಿ. ಅದರಲ್ಲಿ ಸಾಮಾನ್ಯವಾಗಿ 3 ಪೌಂಡ್, ಅಂದರೆ 1.36 ಕಿಲೊ ತೂಕದ, ಸುಮಾರು 10,000 ಕೆಲಸಗಾರ ನೊಣಗಳು, ಒಂದು ಡಬ್ಬಿ ಸಕ್ಕರೆ ಪಾಕ, ಬೇರೊಂದು ಚಿಕ್ಕ ಪಂಜರದಲ್ಲಿ ಕೂಡಿಹಾಕಿದ, ಗಂಡುನೊಣಗಳೊಡನೆ ಕೂಡಿ ಮೊಟ್ಟೆಯಿಡಲು ಸಿದ್ಧವಾದ ರಾಣಿ. ಎರಿ ಇಲ್ಲ, ಮೊಟ್ಟೆ ಇಲ್ಲ, ಮರಿ ಇಲ್ಲ, ಕೂಡಿಟ್ಟ ಪರಾಗವೂ ಇಲ್ಲ. ಬೇರೆ ಬೇರೆ ಪೆಟ್ಟಿಗೆಗಳಿಂದ ಕೊಡವಿ ತುಂಬಿದ ಈ ನೊಣಗಳಿಗೆ ಆ ರಾಣಿ ತಾಯಿಯಲ್ಲ. ಇಷ್ಟು ಬಡತನದಿಂದ ಆರಂಭವಾದ ಕುಟುಂಬ ಅಲ್ಲಿ ಬದುಕುವುದು ಏಕೆಂದರೆ, ಏಪ್ರಿಲ್‌ನ ಬೆನ್ನಿಗೇ ಅಲ್ಲಿ ಮೇ, ಜೂನ್, ಜುಲೈ ತಿಂಗಳುಗಳ ಹೂವಿನ ಸುಗ್ಗಿ ಇರುತ್ತದೆ. ಪ್ಯಾಕೇಜ್ ಕೂಡಿಸುವ ದಿನ ಬಹು ಮುಖ್ಯವೇನಲ್ಲ. ಮುಂದಿನ ಮೂರು ತಿಂಗಳು ಮುಖ್ಯ.

ನಮ್ಮಲ್ಲಿ ಏಪ್ರಿಲ್‌ನ ಬೆನ್ನಿಗೆ ಬರುವುದೇನು? ಬೇವಿನ ಹೂವು ಕೆಲವು ವಾರಗಳಲ್ಲಿ ಉದುರುತ್ತದೆ, ಹೊಂಗೆಯೂ ಹಾಗೆಯೇ. ಅದಾದ ಮೇಲೆ ಎರೆಹೊಲಗಳು ಬಿರುಕು ಬಿಟ್ಟು ನಿಲ್ಲುತ್ತವೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮರಿ ಇರುವ ಎರಿಯನ್ನು ಜೇನುನೊಣ 34ರಿಂದ 35 ಡಿಗ್ರಿಯಲ್ಲಿ ಕಾಯಬೇಕು. ಅದಕ್ಕಾಗಿ ನೀರು ತಂದು ಗೂಡಿನೊಳಗೆ ಸವರಿ ರೆಕ್ಕೆ ಬೀಸುತ್ತದೆ. ಹೂವಿಗೆ ಹೋಗಬೇಕಾದ ನೊಣ ನೀರಿಗೆ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಯವರಿಗೆ ಎರಡನೆಯ ಬೆಳೆ ಮುಗಿಯುವ ತನಕ ಹತ್ತಿರದಲ್ಲಿಯೇ ನೀರಿರುತ್ತದೆ, ಆದರೆ ಅಲ್ಲಿ ಕಣ್ಣು ಹಾಯುವವರೆಗೂ ಭತ್ತ. ನಮ್ಮ ಮಳೆಯಾಶ್ರಿತ ಕಡೆಯಲ್ಲಿ ನೀರೂ ಇಲ್ಲ, ಹೂವೂ ಇಲ್ಲ. ತುಂಬಿದ, ಜೇನು ಕೂಡಿಟ್ಟುಕೊಂಡ ಹಳೆಯ ಕುಟುಂಬ ಈ ಕಾಲವನ್ನು ನೆರಳಿನಲ್ಲಿ ಹೇಗೋ ದಾಟಬಹುದು. ನಾಲ್ಕೇ ಎರಿಯ ಹೊಸ ಕುಟುಂಬಕ್ಕೆ ಅದು ಸಾಧ್ಯವಾಗದಿದ್ದರೆ ಬಿಸಿಲನ್ನೊಂದನ್ನೇ ದೂರುವುದು ನ್ಯಾಯವಲ್ಲ.

ಒಂದು ಸಂಜೆ

ಪ್ಯಾಕೇಜ್ ಮಾರುವ ಪದ್ಧತಿ ನಮ್ಮ ಕಡೆ ಇಲ್ಲ. ಇಲ್ಲಿ ಕೈ ಬದಲಾಗುವುದು ಮರಿ ಇರುವ ಎರಿಗಳ ಸಮೇತವಾದ ಪೆಟ್ಟಿಗೆ. ಆದರೂ ಒಮ್ಮೆ, ಮಹಾನವಮಿಗೆ ಇನ್ನೂ ಕೆಲವು ದಿನಗಳಿರುವಾಗ, ನೊಣಗಳನ್ನು ಕೊಡವಿ ತಂದು ಖಾಲಿ ಪೆಟ್ಟಿಗೆಗೆ ತುಂಬುವುದನ್ನು ನನ್ನ ಹೊಲದಲ್ಲಿಯೇ ಕಂಡೆ. ಚಳಿಗಾಲದ ಸೂರ್ಯಕಾಂತಿಗೆಂದು ಪೆಟ್ಟಿಗೆಗಳನ್ನು ಪಿಕಪ್ ವಾಹನದಲ್ಲಿ ಹೇರಿಕೊಂಡು ನಮ್ಮ ಕಡೆ ಬರುವ ಮಲೆನಾಡಿನ ಜೇನುಸಾಕಣೆಗಾರರೊಬ್ಬರು ಆ ವರ್ಷ ಜಾಗ ನೋಡಲು ಮೊದಲೇ ಬಂದಿದ್ದರು. ಅವರ ಬಳಿ ನೊಣ ಹೆಚ್ಚಾದ ಎರಡು ಮೆಲ್ಲಿಫೆರಾ (ಪೆಟ್ಟಿಗೆಯಲ್ಲಿ ಸಾಕುವ ಯೂರೋಪಿನ ಜೇನು) ಪೆಟ್ಟಿಗೆಗಳೂ ಪಂಜರದಲ್ಲಿ ಒಂದು ಹೆಚ್ಚುವರಿ ರಾಣಿಯೂ ಇದ್ದವು. ನನ್ನ ಖಾಲಿ ಪೆಟ್ಟಿಗೆಯನ್ನು ನೋಡಿ, ಇದಕ್ಕೊಂದು ಸಂಸಾರ ಕಟ್ಟಿಕೊಡುತ್ತೇನೆ ಎಂದರು.

ಸಂಜೆಯವರೆಗೂ ಅವರು ಕಾಯ್ದರು. ಹಗಲಿನಲ್ಲಿ ಸುರಿದರೆ ನೊಣಗಳು ಹಾರಿ ದಿಕ್ಕುಗೆಡುತ್ತವೆ. ಕತ್ತಲಾಗುವುದಕ್ಕೆ ಸ್ವಲ್ಪ ಮುಂಚೆ ಸುರಿದರೆ ಹಾರಲು ಹೊತ್ತಿರುವುದಿಲ್ಲ, ರಾತ್ರಿ ಒಟ್ಟಿಗೆ ಕಳೆಯುತ್ತವೆ. ಸ್ಟ್ಯಾಂಡಿನ ನಾಲ್ಕು ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲುಗಳನ್ನು ಇಟ್ಟೆವು, ಇರುವೆ ಹತ್ತದಿರಲೆಂದು. ಪೆಟ್ಟಿಗೆಯಲ್ಲಿ ಮೇಣದ ಹಾಳೆ ಕೂಡಿಸಿದ ಚೌಕಟ್ಟುಗಳನ್ನು ಇಟ್ಟು ನಡುವಿನ ಕೆಲವನ್ನು ತೆಗೆದರು. ಜಾಳಿಗೆ ಡಬ್ಬಿಯ ಮೇಲೆ ಸಕ್ಕರೆ ನೀರನ್ನು ತೆಳುವಾಗಿ ಸಿಂಪಡಿಸಿದಾಗ ಒಳಗಿನ ಗುಂಪು ಹಾರುವುದನ್ನು ಬಿಟ್ಟು ಒಂದನ್ನೊಂದು ನೆಕ್ಕತೊಡಗಿತು. ಅನಂತರ ಅವರು ರಾಣಿಯ ಪಂಜರವನ್ನು ಕೈಗೆತ್ತಿಕೊಂಡು, ಅದರ ಮೇಲೆ ಕುಳಿತಿದ್ದ ನೊಣಗಳನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರು. ಸಿಟ್ಟಿನಿಂದ ತಂತಿಯನ್ನು ಕಚ್ಚಿ ಹಿಡಿದಿದ್ದರೆ ಅವು ಬೆರಳಿಗೆ ಸರಿಯುವುದಿಲ್ಲವಂತೆ. ಇವು ಸರಿದವು; ಕೆಲವು ಜಾಳಿಗೆಯೊಳಗೆ ನಾಲಿಗೆ ಚಾಚಿ ರಾಣಿಗೆ ಉಣಿಸುತ್ತಿದ್ದವು. ಅವರ ಮುಖದಲ್ಲಿ ಸಮಾಧಾನ ಕಂಡಿತು. ಪಂಜರದ ಬಾಯಿಗೆ ಸಕ್ಕರೆ ಪುಡಿಯನ್ನು ಜೇನಿನಲ್ಲಿ ನಾದಿ ಮಾಡಿದ ಉಂಡೆ ಮೆತ್ತಿತ್ತು. ಆ ಬಾಯಿ ಮೇಲಕ್ಕೆ ಬರುವಂತೆ ಎರಡು ಚೌಕಟ್ಟುಗಳ ನಡುವೆ ಅದನ್ನು ತೂಗುಬಿಟ್ಟರು. ಬಾಯಿ ಕೆಳಗಿದ್ದರೆ, ರಾಣಿಯೊಂದಿಗೆ ಇರುವ ಪರಿಚಾರಕ ನೊಣ ಒಂದು ಸತ್ತರೂ ದಾರಿ ಕಟ್ಟಿಹೋಗುತ್ತದೆ.

ಆಮೇಲೆ ಡಬ್ಬಿಯನ್ನು ಒಮ್ಮೆ ನೆಲಕ್ಕೆ ಕುಕ್ಕಿ, ತಿರುಗಿಸಿ ಸುರಿದರು. ಅಷ್ಟೊಂದು ಜೀವಗಳು ಹಾಗೆ ಧಾರೆಯಾಗಿ ಬೀಳುವುದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಚೌಕಟ್ಟುಗಳನ್ನು ಮೆಲ್ಲಗೆ ಇಳಿಸಿ, ಮೇಲೆ ಸಮಪಾಲು ಸಕ್ಕರೆ-ನೀರಿನ ಪಾಕದ ಡಬ್ಬಿ ಇಟ್ಟು, ಮುಚ್ಚಳ ಮುಚ್ಚಿ, ಬಾಗಿಲನ್ನು ಒಂದು ಬೆರಳಿನಗಲಕ್ಕೆ ಕಿರಿದು ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಮಣೆಯ ಮೇಲೆ ಹಲವು ನೊಣಗಳು ಸಾಲಾಗಿ ನಿಂತು, ತಲೆ ತಗ್ಗಿಸಿ, ಹೊಟ್ಟೆಯ ತುದಿಯನ್ನು ಎತ್ತಿ ರೆಕ್ಕೆ ಬೀಸತೊಡಗಿದವು. ಹೊಟ್ಟೆಯ ತುದಿಯಲ್ಲಿರುವ ಒಂದು ಗ್ರಂಥಿಯ ವಾಸನೆಯನ್ನು ಹೀಗೆ ಗಾಳಿಗೆ ಬಿಟ್ಟು, ಹೊರಗೆ ಉಳಿದವುಗಳನ್ನು ಅವು ಒಳಗೆ ಕರೆಯುತ್ತವೆ. ಡಬ್ಬಿಯಲ್ಲಿ ಉಳಿದಿದ್ದವು ಒಂದೊಂದಾಗಿ ನಡೆದು ಹೋದವು.

ಕೈ ತೊಳೆಯುತ್ತ ಅವರು ಹೇಳಿದ ಮಾತು ನನ್ನ ಯೋಚನೆಯ ದಾರಿಯನ್ನೇ ಬದಲಿಸಿತು: “ಮಾಸ್ತರೇ, ಇದು ಇನ್ನೂ ಸಂಸಾರ ಅಲ್ಲ, ಬರೀ ನೊಣ. ಮೂರ್ನಾಲ್ಕು ದಿನಕ್ಕೆ ರಾಣಿ ಹೊರಗೆ ಬಂದಿದೆಯೇ ಅಂತ ಮಾತ್ರ ನೋಡಿ, ಮುಚ್ಚಿಬಿಡಿ. ಆಮೇಲೆ ನೊಣ ಕಡಿಮೆ ಆಗ್ತಾ ಹೋಗ್ತದೆ. ಹೆದರಬೇಡಿ. ಪಾಕ ಕೊಡೋದು ಮಾತ್ರ ನಿಲ್ಲಿಸಬೇಡಿ.”

ಕಡಿಮೆಯಾಗುವ ಮೂರು ವಾರ

ಏಕೆ ಕಡಿಮೆಯಾಗುತ್ತದೆ? ಮೆಲ್ಲಿಫೆರಾ ಕೆಲಸಗಾರ ನೊಣ 3 ದಿನ ಮೊಟ್ಟೆಯಾಗಿ, ಸುಮಾರು 6 ದಿನ ಮರಿಯಾಗಿ, ಉಳಿದ 12 ದಿನ ಮುಚ್ಚಿದ ಕೋಶದೊಳಗಿದ್ದು 21ನೆಯ ದಿನ ಹೊರಗೆ ಬರುತ್ತದೆ. ಎರಿಯೇ ಇಲ್ಲದ ಕುಟುಂಬದಲ್ಲಿ ಆ ಮೊಟ್ಟೆ ಇಡಲು ಮೊದಲು ಕೋಶ ಬೇಕು. ಕೋಶಕ್ಕೆ ಮೇಣ ಬೇಕು. ಮೇಣ ಬರುವುದು ನೊಣದ ಹೊಟ್ಟೆಯ ಅಡಿಯ ಗ್ರಂಥಿಗಳಿಂದ, ಅದೂ ಹೊಟ್ಟೆ ತುಂಬ ಸಿಹಿ ತಿಂದಾಗ ಮಾತ್ರ. ರಾಣಿ ಪಂಜರದಿಂದ ಹೊರಬಂದು, ಒಂದಿಷ್ಟು ಕೋಶಗಳು ಎದ್ದು, ಮೊಟ್ಟೆ ಬೀಳುವ ಹೊತ್ತಿಗೆ ಕೆಲವು ದಿನಗಳು ಕಳೆದಿರುತ್ತವೆ. ಅಂದರೆ ಮೊದಲ ಹೊಸ ನೊಣ ಕಣ್ಣು ಬಿಡುವುದು ನಾಲ್ಕನೆಯ ವಾರದಲ್ಲಿ. ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣದ ಆಯುಸ್ಸು ಸುಮಾರು ಆರು ವಾರ. ಕೊಡವಿ ತಂದವುಗಳಲ್ಲಿ ಎಲ್ಲ ವಯಸ್ಸಿನವೂ ಇರುತ್ತವೆ. ಹೊಸದು ಒಂದೂ ಹುಟ್ಟದ ಮೂರು ವಾರಗಳ ಕಾಲ ಹಳೆಯವು ದಿನವೂ ಸಾಯುತ್ತಲೇ ಇರುತ್ತವೆ. ಅದರ ಮೇಲೆ, ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕುಳಿತ ಕಳ್ಳಿಪೀರಗಳ ಪಾಲು ಬೇರೆ. ಯಾವ ರೋಗವೂ ಇಲ್ಲದೆ, ಯಾರ ತಪ್ಪೂ ಇಲ್ಲದೆ, ಎಲ್ಲವೂ ಸರಿಯಾಗಿಯೇ ನಡೆಯುತ್ತಿರುವಾಗ ಪೆಟ್ಟಿಗೆ ಬಡವಾಗುತ್ತ ಹೋಗುತ್ತದೆ.

ಮರಿ ಇರುವ ಎರಿಗಳೊಡನೆ ಬರುವ ಕುಟುಂಬದಲ್ಲಿ ಈ ಇಳಿತ ಇಷ್ಟು ಆಳವಾಗಿರುವುದಿಲ್ಲ. ಮುಚ್ಚಿದ ಕೋಶಗಳಿಂದ ಮರುದಿನದಿಂದಲೇ ಹೊಸ ನೊಣಗಳು ಬರುತ್ತಿರುತ್ತವೆ. ಆದರೆ ಪಾಲು ಮಾಡಿದ ಸಣ್ಣ ಕುಟುಂಬವನ್ನು ನೂರಾರು ಕಿಲೋಮೀಟರ್ ಬಿಸಿಲಿನಲ್ಲಿ ಸಾಗಿಸಿದಾಗ ದಾರಿಯಲ್ಲಿಯೇ ಎಷ್ಟೋ ಮರಿ ಒಣಗುತ್ತದೆ, ರಾಣಿ ಕೆಲವು ದಿನ ಮೊಟ್ಟೆ ನಿಲ್ಲಿಸುತ್ತದೆ. ಇಳಿತ ಅದಕ್ಕೂ ತಪ್ಪಿದ್ದಲ್ಲ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೆ.

ಪಕ್ಕದ ಹೊಲದ ಹಿರಿಯರು ದಿನವೂ ಎತ್ತು ಹೊಡೆದುಕೊಂಡು ಹೋಗುವಾಗ ಪೆಟ್ಟಿಗೆಯ ಬಾಗಿಲನ್ನು ನೋಡುತ್ತಿದ್ದರು. ಮಾರ್ಚ್‌ನಲ್ಲಿ ಹಂಚಿದ ಪೆಟ್ಟಿಗೆಗಳಲ್ಲಿ ಒಂದು ಅವರದೂ ಆಗಿತ್ತು. ಮೂರನೆಯ ವಾರ ಒಂದು ಮುಂಜಾನೆ ನಿಂತು ಕೇಳಿದರು: “ಹುಳ ಕಮ್ಮಿ ಆದ್ವಲ್ರೀ ಮಾಸ್ತರ. ಇವೂ ಹೋಗೂ ಪೈಕಿನ ಏನ್?” ನಾನು ಹೊಗೆತಿದಿ ಹಚ್ಚಿ ನಡುವಿನ ಒಂದು ಚೌಕಟ್ಟನ್ನು ಎತ್ತಿ ಅವರ ಕಣ್ಣೆದುರು ಹಿಡಿದೆ. ನೊಣ ವಿರಳವಾಗಿತ್ತು, ನಿಜ. ಆದರೆ ಎರಿಯ ನಡುಭಾಗದಲ್ಲಿ ಎರಡು ಅಂಗೈಯಗಲ, ಒತ್ತೊತ್ತಾಗಿ, ಕಂದು ಬಣ್ಣದ ಮುಚ್ಚಿದ ಕೋಶಗಳಿದ್ದವು. ಅದರ ಸುತ್ತ ಬಿಳಿ ಮರಿಗಳು, ಇನ್ನೂ ಹೊರಗೆ ಕೋಶದ ತಳದಲ್ಲಿ ಅಕ್ಕಿನುಚ್ಚಿನ ಎಳೆಯಂತೆ ನಿಂತ ಮೊಟ್ಟೆಗಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಈ ಮುಚ್ಚಿದವೆಲ್ಲ ಹನ್ನೆರಡು ದಿನದೊಳಗೆ ಹುಳವಾಗಿ ಬರುತ್ತವೆ ಎಂದು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಪೆಟ್ಟಿಗ್ಯಾಗೂ ಹಿಂಗ ಕಮ್ಮಿ ಆತ್ರಿ. ಇನ್ನ ಇವು ಉಳಿಯಂಗಿಲ್ಲ, ಸಕ್ರಿ ಯಾಕ ಹಾಳು ಮಾಡೂದು ಅಂತ ಪಾಕ ಹಾಕೂದು ಬಿಟ್ವಿ” ಎಂದರು.

ಈ ಮಾತು ನನಗೆ ಇಡೀ ವಿಷಯದ ಗಂಟನ್ನು ಬಿಡಿಸಿಕೊಟ್ಟಿತು. ಕುಟುಂಬಕ್ಕೆ ನಮ್ಮ ಕೈ ಅತಿ ಹೆಚ್ಚು ಬೇಕಾಗಿದ್ದ ವಾರದಲ್ಲಿಯೇ ನಾವು ಕೈ ಬಿಡುತ್ತಿದ್ದೇವೆ. ಹೊರಗಿನಿಂದ ನೋಡುವವನಿಗೆ ಸಾಯುತ್ತಿರುವ ಪೆಟ್ಟಿಗೆಗೂ ಕಟ್ಟಿಕೊಳ್ಳುತ್ತಿರುವ ಪೆಟ್ಟಿಗೆಗೂ ಬಾಗಿಲಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಒಳಗಿನ ಎರಿಯಲ್ಲಿರುತ್ತದೆ. ಪೆಟ್ಟಿಗೆ ಕೊಟ್ಟವರು ಯಾರೂ ಆ ರೈತರಿಗೆ ಇದನ್ನು ಎರಿ ಎತ್ತಿ ತೋರಿಸಿರಲಿಲ್ಲ. ಕೊಟ್ಟ ದಿನದ ನೊಣಗಳ ರಾಶಿಯನ್ನಷ್ಟೇ ತೋರಿಸಿದ್ದರು. ರಾಶಿ ಕರಗಿದಾಗ ಅವರು ಆಸೆ ಬಿಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೂರ್ಯಕಾಂತಿಯ ಲೆಕ್ಕ

ನಮ್ಮ ಕಡೆ ಪೆಟ್ಟಿಗೆ ಇಡುವುದು ಜೇನುತುಪ್ಪಕ್ಕಿಂತ ಹೆಚ್ಚಾಗಿ ಬೆಳೆಗೆ, ಅದರಲ್ಲಿಯೂ ಸೂರ್ಯಕಾಂತಿಗೆ. ಒಂದು ಕಾಲಕ್ಕೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಎರೆಹೊಲಗಳಲ್ಲಿ ಮೈಲುಗಟ್ಟಲೆ ಹಳದಿ ಕಾಣುತ್ತಿತ್ತು. ಈಗ ಅದು ಬಹಳ ಕಡಿಮೆಯಾಗಿದೆ. ಉಳಿದವರಿಗೆ ಕಾಡುವುದು ತೆನೆಯ ನಡುವಿನ ಜೊಳ್ಳು. ಸೂರ್ಯಕಾಂತಿ ಮುಖ್ಯವಾಗಿ ಪರಕೀಯ ಪರಾಗಸ್ಪರ್ಶದ ಬೆಳೆ. ತಟ್ಟೆಯ ಅಂಚಿನ ಕಿರುಹೂಗಳು ಮೊದಲು ಅರಳಿ, ವಾರದುದ್ದಕ್ಕೂ ನಡುವಿನತ್ತ ಅರಳುತ್ತ ಹೋಗುತ್ತವೆ. ನೊಣ ದಿನವೂ ಬರದಿದ್ದರೆ ಕಾಳು ತುಂಬುವುದಿಲ್ಲ. ಹೆಣ್ಣುಮಕ್ಕಳು ಅಂಗೈಗೆ ತೆಳು ಬಟ್ಟೆ ಸುತ್ತಿಕೊಂಡು, ಇಬ್ಬನಿ ಆರಿದ ಮೇಲೆ ಬಿಸಿಲೇರುವುದರೊಳಗೆ, ಒಂದೊಂದೇ ಹೂವಿನ ಮೇಲೆ ಮೆತ್ತಗೆ ಕೈಯಾಡಿಸುತ್ತ ಸಾಲು ಹಿಡಿದು ಹೋಗುವುದನ್ನು ನಾನು ನೋಡಿದ್ದೇನೆ. ದಿನ ಬಿಟ್ಟು ದಿನ ಮಾಡಬೇಕಾದ ಕೆಲಸ ಅದು. ಜೇನು ಮಾಡುವುದನ್ನು ಕೂಲಿ ಕೊಟ್ಟು ಮಾಡಿಸುತ್ತಿದ್ದೆವು.

ಆದ್ದರಿಂದ ರೈತ ಪೆಟ್ಟಿಗೆಯನ್ನು ನೆನೆಸಿಕೊಳ್ಳುವುದು ಹೂವು ಅರಳಿದಾಗ. ಇಲ್ಲಿಯೇ ಲೆಕ್ಕ ತಪ್ಪುತ್ತದೆ. ಮಲೆನಾಡಿನವರು ತರುವ ತುಂಬಿದ ಪೆಟ್ಟಿಗೆಯನ್ನು ಹೂವು ಅರಳಿದ ದಿನ ಇಟ್ಟರೂ ಸರಿ. ಅದರಲ್ಲಿ ಹೊರಗೆ ದುಡಿಯುವ ವಯಸ್ಸಿನ ನೊಣಗಳು ಸಿದ್ಧವಾಗಿರುತ್ತವೆ. ಹೊಸದಾಗಿ ಕಟ್ಟುವ ಕುಟುಂಬದ ಮಾತು ಬೇರೆ. ಮೊಟ್ಟೆಯಿಂದ ನೊಣವಾಗಲು 21 ದಿನ. ಹುಟ್ಟಿದ ನೊಣ ಮೊದಲ ಎರಡು ಮೂರು ವಾರ ಗೂಡಿನೊಳಗೆ ಕೋಶ ತೊಳೆಯುವುದು, ಮರಿಗೆ ಉಣಿಸುವುದು, ಎರಿ ಕಟ್ಟುವುದು, ಬಾಗಿಲು ಕಾಯುವುದು ಇಷ್ಟರಲ್ಲಿರುತ್ತದೆ. ಆಮೇಲೆಯೇ ಹೂವಿಗೆ ಹೋಗುವುದು. ಒಟ್ಟು ಆರು ವಾರ. ಸೂರ್ಯಕಾಂತಿ ಬಿತ್ತಿದ ಸುಮಾರು 60 ದಿನಕ್ಕೆ ಅರಳುತ್ತದೆ. ಹೂವಿನ ದಿನ ಪೆಟ್ಟಿಗೆ ಕೂಡಿಸಿದರೆ ಅದರ ಹೊಸ ಪೀಳಿಗೆ ಹಾರುವ ಹೊತ್ತಿಗೆ ಹೊಲದಲ್ಲಿ ತಲೆ ಬಗ್ಗಿಸಿದ ತೆನೆಗಳಿರುತ್ತವೆ. 60ರಲ್ಲಿ 42 ಕಳೆದರೆ ಉಳಿಯುವುದು 18. ಬಿತ್ತಿ ಎರಡೂವರೆ ವಾರ, ಅಂದರೆ ಸಾಲುಗಳ ನಡುವಿನ ಕಳೆ ತೆಗೆಯಲು ಮೊದಲ ಎಡೆ ಹೊಡೆಯುವ ಹೊತ್ತಿಗೆ, ಆ ಹೊಲದ ಹೂವಿಗೆ ಬೇಕಾದ ನೊಣದ ಮೊಟ್ಟೆ ಕೋಶದಲ್ಲಿರಬೇಕು. ಎರಿ ಕಟ್ಟುವ ದಿನಗಳನ್ನೂ ಸೇರಿಸಿದರೆ, ಎಡೆಕುಂಟೆ ಕಟ್ಟುವುದಕ್ಕೂ ಮೊದಲೇ ಪೆಟ್ಟಿಗೆ ಹೊಲದಲ್ಲಿ ಇರಬೇಕಾಗುತ್ತದೆ.

ಆ ಆರು ವಾರ ಅವು ತಿನ್ನುವುದೇನನ್ನು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಡೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೊಲಗಳು ನಾವು ತಿಳಿದಷ್ಟು ಬಡವಲ್ಲ. ಸಜ್ಜೆ ಮತ್ತು ಮೆಕ್ಕೆಜೋಳದಲ್ಲಿ ಮುಂಜಾನೆ ಪರಾಗ ಸಿಗುತ್ತದೆ. ಮಕರಂದವಿಲ್ಲದಿದ್ದರೂ ಮರಿಗೆ ಬೇಕಾದದ್ದು ಪರಾಗವೇ. ಅಲ್ಲಲ್ಲಿ ಗುರೆಳ್ಳು, ಎಳ್ಳು ಇರುತ್ತವೆ. ಹಾಳು ನೆಲವನ್ನೆಲ್ಲ ಹಬ್ಬಿ ಎಲ್ಲರ ಶಾಪಕ್ಕೆ ಗುರಿಯಾದ ಬಳ್ಳಾರಿ ಜಾಲಿ ಜೇನಿಗೆ ಒಳ್ಳೆಯ ಮಕರಂದದ ಗಿಡ. ಮಳೆಯ ನಂತರ ಅದು ಇನ್ನೊಮ್ಮೆ ಹೂ ಬಿಡುತ್ತದೆ. ಆಮೇಲೆ ತೊಗರಿ, ಸೂರ್ಯಕಾಂತಿ, ಬಿಳಿಜೋಳದ ಪರಾಗ, ಕುಸುಬೆ ಒಂದರ ಹಿಂದೊಂದು ಬರುತ್ತವೆ. ಸೀಗಿ ಹುಣ್ಣಿಮೆಯಿಂದ ಎಳ್ಳಮಾವಾಸ್ಯೆ ದಾಟಿ ಕೊಪ್ಪಳದ ಗವಿಮಠದ ಜಾತ್ರೆಯವರೆಗೆ ಹೂವಿನ ಈ ಸಾಲು ಕಡಿಯುವುದಿಲ್ಲ. ಚಳಿ ದೇಶದ ಪ್ಯಾಕೇಜಿಗೆ ಏಪ್ರಿಲ್ ಕೊಡುವುದನ್ನು ನಮ್ಮ ಪೆಟ್ಟಿಗೆಗೆ ಸೆಪ್ಟೆಂಬರ್ ಕೊಡುತ್ತದೆ. ನಡುವೆ ಕೊರತೆ ಬಿದ್ದರೆ ತುಂಬಲು ಸಕ್ಕರೆ ಪಾಕವಿದೆ, ಮೊದಲ ಎರಿಗಳು ತುಂಬುವವರೆಗೆ ಅದನ್ನು ನಿಲ್ಲಿಸಬಾರದು.

ನನ್ನ ಹೊಲದ ಆ ಪೆಟ್ಟಿಗೆ ನಾಲ್ಕನೆಯ ವಾರ ಕಳೆದ ಮೇಲೆ ತಿರುಗಿಕೊಂಡಿತು. ಮೈಮೇಲೆ ಮಸುಕು ಕೂದಲಿರುವ ಎಳೆಯ ನೊಣಗಳು ಮಧ್ಯಾಹ್ನದ ಹೊತ್ತು ಬಾಗಿಲ ಮುಂದೆ ಗೂಡಿನತ್ತ ಮುಖ ಮಾಡಿ ಹಾರಾಡುತ್ತ ಜಾಗ ಗುರುತು ಹಿಡಿಯುತ್ತಿದ್ದವು. ಸೂರ್ಯಕಾಂತಿ ಅರಳಿದಾಗ ಪೆಟ್ಟಿಗೆ ತುಂಬಿತ್ತು. ಆ ಸಲ ಬಟ್ಟೆ ಸುತ್ತಿಕೊಂಡು ಹೂವು ಸವರಿಸಬೇಕಾದ ಪ್ರಮೇಯ ಬರಲಿಲ್ಲ. ಅಷ್ಟಕ್ಕೇ ಎಲ್ಲವೂ ಸಿದ್ಧಿಸಿತೆಂದು ನಾನು ಹೇಳುವುದಿಲ್ಲ. ದಾಳಿಂಬೆ ಮತ್ತು ಹತ್ತಿಗೆ ಸಿಂಪಡಿಸುವ ಔಷಧಿ ಯಾವ ಲೆಕ್ಕವನ್ನೂ ಒಂದು ಮುಂಜಾನೆಯಲ್ಲಿ ಕೆಡಿಸಬಲ್ಲದು. ಬೇಸಿಗೆಯೂ ಇದ್ದೇ ಇದೆ. ಜನವರಿಯ ನಂತರ ನಾನು ಒಂದು ಹನಿ ತುಪ್ಪವನ್ನೂ ತೆಗೆಯಲಿಲ್ಲ. ಹೊಂಗೆ ಮುಗಿದ ಮೇಲೆ ಪೆಟ್ಟಿಗೆಯನ್ನು ಹುಣಸೆಯ ದಟ್ಟ ನೆರಳಿಗೆ ಸಾಗಿಸಿ, ಮೇಲೆ ಜೋಳದ ಕಣಿಕೆಯ ಚಪ್ಪರ ಹಾಕಿ, ಪಕ್ಕದಲ್ಲಿ ಹರಳು ತುಂಬಿದ ಅಗಲ ಬಾಯಿಯ ಮಡಕೆಯಲ್ಲಿ ನೀರು ಇಟ್ಟೆ. ಹರಳಿಲ್ಲದಿದ್ದರೆ ನೊಣ ಮುಳುಗುತ್ತದೆ.

ಹಂಚಿಕೆಯ ಯೋಜನೆಗಳನ್ನು ನಡೆಸುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟೆ. ಮರದ ಪೆಟ್ಟಿಗೆ, ಸ್ಟ್ಯಾಂಡ್, ಹೊಗೆತಿದಿಗಳನ್ನು ಮಾರ್ಚ್‌ನಲ್ಲಿಯೇ ಕೊಡಲಿ, ಲೆಕ್ಕ ಮುಗಿಸಿಕೊಳ್ಳಲಿ. ಜೀವವನ್ನು ಮಾತ್ರ ಮಳೆ ಬಿದ್ದು ಸಜ್ಜೆ ತೆನೆ ಹಾಯ್ದ ಮೇಲೆ ತರಲಿ. ತಂದ ದಿನ ಬಾರದಿದ್ದರೂ ಸರಿ, ಮೂರನೆಯ ವಾರ ಒಬ್ಬರು ಹೊಲಕ್ಕೆ ಬಂದು ಒಂದು ಎರಿ ಎತ್ತಿ ರೈತನಿಗೆ ಮುಚ್ಚಿದ ಕೋಶಗಳನ್ನು ತೋರಿಸಲಿ. ನಮ್ಮ ಓಣಿಯಲ್ಲಿ ಈಗ ಸೂರ್ಯಕಾಂತಿ ಬಿತ್ತುವವರೆಲ್ಲ ಸೇರಿ, ಯಾರ ಹೊಲಕ್ಕೆ ಯಾವಾಗ ಔಷಧಿ ಎಂಬುದನ್ನು ಮೊದಲೇ ಹೇಳಿಕೊಂಡು, ಹೂವಿನ ಕಾಲದಲ್ಲಿ ಸಂಜೆ ನೊಣ ಗೂಡು ಸೇರಿದ ಮೇಲಷ್ಟೇ ಸಿಂಪಡಿಸುವ ಮಾತು ನಡೆಸಿದ್ದೇವೆ. ಪಕ್ಕದ ಹೊಲದ ಹಿರಿಯರು ತಮ್ಮ ಪೆಟ್ಟಿಗೆಯ ಪತಂಗದ ಬಲೆಯನ್ನು ಕೆರೆದು, ಬೆಂಕಿಯಲ್ಲಿ ಹದವಾಗಿ ಕಾಯಿಸಿ, ಹೊಸ ಮೇಣದ ಹಾಳೆ ಹಾಕಿಸಿಕೊಂಡಿದ್ದಾರೆ. ಮಲೆನಾಡಿನವರಿಗೆ ಫೋನ್ ಮಾಡಿ, ಎಡೆ ಹೊಡೆಯುವುದಕ್ಕೆ ಮೊದಲು ಒಂದು ರಾಣಿ ಬೇಕೆಂದು ಅವರೇ ಹೇಳಿದ್ದಾರೆ.